ತಣ್ಣೀರಿಗೂ ಹೋಗದ ಕಲೆ

ಅದು ಬೇಸಿಗೆ... ಈಸ್ಟರ್‌ಗೆ ಒಂದು ವಾರ ಮುಂಚೆ ಬರುವ ಗರಿಗಳ ಭಾನುವಾರದ ಮಾರನೇ ದಿನ, ಬೆಳಿಗ್ಗೆ ಆರೂವರೆ ಗಂಟೆ.

ನಮ್ಮೂರಿನ ಮಿಷನ್ ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿ ನಾನು, ಲೇಯಮ್ಮ ಬಟ್ಟೆ ನೆನೆಹಾಕುತ್ತಿದ್ದೆವು. ನನಗೆ ಈ ಕೆಲಸ ಕಲಿಸಿದವರೇ ಅವರು.

ನನ್ನ ಹೆಸರು ದಾನಿ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು. ಹಿಂದಿನ ದಿನ ಚರ್ಚಿನಲ್ಲಿ ಪಾದ್ರಿ ಅಯ್ಯನವರು ಹೇಳಿದ ಒಂದು ಮಾತು ತಲೆಯೊಳಗೇ ಸುತ್ತುತ್ತಿತ್ತು... ಕ್ರಿಸ್ತನ ರಕ್ತದಲ್ಲಿ ತೊಳೆದುಕೊಂಡವರ ಬಟ್ಟೆ ಬೆಳ್ಳಗಾಗುತ್ತದಂತೆ.

ಅದು ಹೇಗೆ? ಇಪ್ಪತ್ತು ವರ್ಷ ಆಪರೇಷನ್ ಬಟ್ಟೆ ಒಗೆದಿದ್ದೇನೆ. ರಕ್ತದಿಂದ ಬಟ್ಟೆ ಬೆಳ್ಳಗಾದದ್ದನ್ನು ನಾನಂತೂ ಕಾಣೆ...

ಲೇಯಮ್ಮನನ್ನೇ ಕೇಳಿದೆ.

"ಅಯ್ನೋರ್ನ ಒಂದಿನ ಇಲ್ಲಿಗೆ ಕಳ್ಸು ದಾನಿ. ಹೆರಿಗೆ ವಾರ್ಡಿನವು ಎರಡು ಶೀಟ್ ಒಗೀಲಿ, ಆಮೇಲೆ ಮಾತಾಡಾನ," ಅಂದರು. ನಾನು ನಕ್ಕೆ, ಅವರು ನಗಲಿಲ್ಲ.

ಲೇಯಮ್ಮನದು ಇನ್ನೊಂದು ವಿಷಯವಿತ್ತು. ಚರ್ಚಿನಲ್ಲಿ ಕರ್ತನ ಭೋಜನದ ದಿನ ಎಲ್ಲರೊಂದಿಗೆ ಮೊಣಕಾಲೂರಿ ರೊಟ್ಟಿ ತೆಗೆದುಕೊಳ್ಳುತ್ತಿದ್ದರು... ಕ್ರಿಸ್ತನ ರಕ್ತವೆಂದು ಕೊಡುವ ದ್ರಾಕ್ಷಾರಸದ ಬಟ್ಟಲು ಬಂದರೆ ಮಾತ್ರ ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದರು.

ಹದಿನಾರು ವರ್ಷದಿಂದ ಹೀಗೇ. ಒಳಗೆ ಏನೋ ಪಾಪ ಮುಚ್ಚಿಟ್ಟಿದ್ದಾಳೆ ಎಂದು ಹಿಂದಿನ ಬೆಂಚಿನವರು ಆಡಿಕೊಳ್ಳುತ್ತಿದ್ದರು.

ಕಾರಣ ನನಗೊಬ್ಬನಿಗೇ ಗೊತ್ತಿತ್ತು. ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ.

ಅವರ ಮೊಮ್ಮಗಳು ಪ್ರಿಸಿಲ್ಲಾಗೆ ಆಗ ಹದಿನಾರು. ಆ ಈಸ್ಟರ್ ದಿನ ಮೊದಲ ಸಲ ಬಟ್ಟಲಿನಿಂದ ಕುಡಿಯುವವಳಿದ್ದಳು. ಮೊದಲ ಸಲ ಕುಡಿಯುವವರ ಪಕ್ಕದಲ್ಲಿ ಮನೆಯ ಹಿರಿಯರೊಬ್ಬರು ಮೊಣಕಾಲೂರಿ, ಜೊತೆಯಲ್ಲೇ ಕುಡಿಯುವುದು ನಮ್ಮ ಸಭೆಯ ಪದ್ಧತಿ.

ಅವಳಿಗೆ ಇದ್ದವರು ಅಜ್ಜಿಯೊಬ್ಬರೇ... ಅಜ್ಜಿ ಆಗುವುದಿಲ್ಲ ಎಂದುಬಿಟ್ಟಿದ್ದರು.

ಆ ಹುಡುಗಿ ಶೆಡ್ಡಿಗೆ ಬಂದು ನನ್ನನ್ನು ಕೇಳಿದಳು. "ದಾನಿ ತಾತ, ಅಜ್ಜಿಗೆ ನನ್ ಮೇಲೆ ಏನಾದ್ರೂ ಕೋಪನಾ?"

ಇಲ್ಲ ಮಗಳೇ ಎಂದೆ. ಮತ್ತೆ ಶೀಟ್ ಹಿಂಡತೊಡಗಿದೆ.

ಶನಿವಾರ ಬಂತು. ಚರ್ಚಿನ ಮೇಜಿಗೆ ಹಾಸುವ ಬಿಳಿ ಬಟ್ಟೆಯನ್ನು ವರ್ಷವೂ ಒಗೆದುಕೊಡುವವರು ಲೇಯಮ್ಮ. ಅದು ಇರುತ್ತಿದ್ದದ್ದು ಅವರ ಮನೆಯ ಟ್ರಂಕಿನಲ್ಲಿ. ತಂದುಕೊಡು ಎಂದು ಮೊಮ್ಮಗಳನ್ನು ಕಳಿಸಿದರು.

ಟ್ರಂಕಿನಲ್ಲಿ ಮಡಚಿಟ್ಟ ಬಿಳಿ ಬಟ್ಟೆ ಎರಡಿದ್ದವು... ಅವಳು ತಳದಲ್ಲಿದ್ದದ್ದನ್ನು ತಂದಳು.

ನಾವು ಒಣಗಿದ ಬಟ್ಟೆ ತೆಗೆದು ಒಳಗೆ ಬರುವಷ್ಟರಲ್ಲಿ, ತಣ್ಣೀರಿನ ತೊಟ್ಟಿಗೆ ಉಪ್ಪು ಹಾಕಿ ನೆನೆಸಿ ಉಜ್ಜುತ್ತಿದ್ದಳು. ಬಟ್ಟೆಯ ನಡುವೆ ಅಗಲವಾಗಿ ಕಂದು ಕಲೆ.

"ಅಜ್ಜಿ, ಮೇಜಿನ್ ಬಟ್ಟೆ ಹಿಂಗಾಗೋಗದೆ. ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ..."

ಲೇಯಮ್ಮನ ಕೈಯಲ್ಲಿದ್ದ ಬಟ್ಟೆಗಳು ಕೆಳಗೆ ಬಿದ್ದವು.

"ಬಿಡವ್ವ. ಅದು ಹೋಗಲ್ಲ."

"ಯಾರ್ದು ಅಜ್ಜಿ ಇದು?"

ಲೇಯಮ್ಮ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

"ನಿಮ್ಮವ್ವಂದು," ಅಂದರು.

ನಿನ್ನಮ್ಮ ಜ್ವರ ಬಂದು ಹೋದಳು ಎಂದೇ ಆ ಹುಡುಗಿಗೆ ಹೇಳಿದ್ದರು. ತಾನು ಹುಟ್ಟಿದ್ದರಿಂದಲೇ ಅಮ್ಮ ಸತ್ತಳು ಎಂದು ಮಗು ಕೊರಗಬಾರದು ಎಂದು... ಈಗ ಮುಚ್ಚಿಡಲು ದಾರಿ ಇರಲಿಲ್ಲ, ನಡೆದದ್ದನ್ನೆಲ್ಲ ಹೇಳಿದರು.

ಹದಿನಾರು ವರ್ಷದ ಹಿಂದೆ ಲೇಯಮ್ಮನ ಮಗಳಿಗೆ ಹೆರಿಗೆಯಾಗಿ ರಕ್ತ ನಿಲ್ಲಲಿಲ್ಲ. ಡಾಕ್ಟರಮ್ಮ ಬೆಳಗಿನಿಂದ ಮಧ್ಯಾಹ್ನದವರೆಗೆ ಹೋರಾಡಿದರು. ಮಗು ಉಳಿಯಿತು. ಸಂಜೆ ಆ ಶೀಟ್ ಶೆಡ್ಡಿಗೆ ಬಂತು... ಬೇರೆ ಯಾರೂ ಮುಟ್ಟಬಾರದು ಎಂದು ಲೇಯಮ್ಮ ತಾವೇ ಎತ್ತಿಕೊಂಡರು.

ಎತ್ತಿಕೊಂಡು, ಮೈಮೇಲೆ ಎಚ್ಚರವಿಲ್ಲದೆ ಕುದಿಯುವ ಹಂಡೆಗೆ ಹಾಕಿಬಿಟ್ಟರು.

"ರಕ್ತ ಬಿಸಿನೀರಿಗೆ ಹಾಕಬ್ಯಾಡಿ, ಕೂತ್ಕಬುಡ್ತದೆ ಅಂತ ಊರಿಗೆಲ್ಲ ಹೇಳ್ಕೊಟ್ಟೋಳು ನಾನು. ನನ್ ಮಗಳ್ದನ್ನ ನಾನೇ ಬಿಸಿನೀರಿಗೆ ಹಾಕ್ದೆ ಕಣವ್ವ. ಆ ಬಟ್ಟಲು ಬಂದು, ರಕ್ತ ಅಂತ ಅಯ್ನೋರು ಅಂದ್ರೆ... ನಂಗೆ ಕಾಣೋದು ಇದೇ. ಹೆಂಗ್ ಕುಡೀಲಿ?"

ನಮಗಿಬ್ಬರಿಗೂ ಇದ್ದದ್ದು ಒಂದೇ ಭಯ... ಈ ಹುಡುಗಿ ಈಗ ಏನೆಂದುಕೊಳ್ಳುತ್ತಾಳೋ.

ಅವಳು ತೊಟ್ಟಿಯಿಂದ ಶೀಟ್ ಎತ್ತಿದಳು. ಹಿಂಡಲಿಲ್ಲ. ನೀರು ಸೋರುತ್ತಿದ್ದ ಹಾಗೇ ಎದೆಗೆ ಒತ್ತಿಕೊಂಡಳು.

"ಹಂಗಾದ್ರೆ ಇದು ನಂಗೋಸ್ಕರ ಸುರಿದದ್ದು," ಅಂದಳು. "ಇದನ್ನ ಕಲೆ ಅನ್ಬೇಡ ಅಜ್ಜಿ. ನಾನು ಇರೋದೇ ಇದ್ರಿಂದ."

ಲೇಯಮ್ಮ ತೊಟ್ಟಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಮಗಳು ಸತ್ತ ದಿನವೂ ಅಳದವರು... ಅವತ್ತು ಅತ್ತರು.

ಮಾರನೇ ದಿನ ಈಸ್ಟರ್. ಅಜ್ಜಿ, ಮೊಮ್ಮಗಳು ಅಕ್ಕಪಕ್ಕ ಮೊಣಕಾಲೂರಿದರು. ನಿನಗೋಸ್ಕರ ಸುರಿದ ಕ್ರಿಸ್ತನ ರಕ್ತ ಎಂದು ಅಯ್ಯನವರು ಬಟ್ಟಲು ಹಿಡಿದರು. ಮೊಮ್ಮಗಳು ಕುಡಿದಳು.

ಲೇಯಮ್ಮ ತಲೆ ತಗ್ಗಿಸಲಿಲ್ಲ. ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಸುಮ್ಮನೆ ನೋಡಿದರು... ಅಯ್ಯನವರು ಕಾದರು... ಆಮೇಲೆ ಕುಡಿದರು.

ಒಂದು ಹನಿ ಅವರ ಬಿಳಿ ಸೀರೆಯ ಮೇಲೆ ಬಿತ್ತು. ಯಾರ ಬಟ್ಟೆಯ ಮೇಲೂ ಕಲೆ ನೋಡಿ ಸುಮ್ಮನಿರದ ಹೆಂಗಸು ಅದನ್ನು ಒರೆಸಲಿಲ್ಲ.

ರಕ್ತ ಹೇಗೆ ಬೆಳ್ಳಗೆ ಮಾಡುತ್ತದೆ? ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ. ಹದಿನಾರು ವರ್ಷ ಬಾಡಿದ್ದ ಮುಖ ಅವತ್ತು ಒಗೆದು ಬಿಸಿಲಿಗೆ ಹಾಕಿದ ಬಟ್ಟೆಯ ಹಾಗಿತ್ತು... ನಾನು ಕಂಡದ್ದು ಅಷ್ಟೇ.

ನಮಗಾಗಿ ಸುರಿದ ರಕ್ತವನ್ನು ಕಲೆ ಎಂದು ಉಜ್ಜುತ್ತಾ ಕೂರಬೇಡಿ... ನಾವು ಬದುಕಿರುವುದೇ ಅದರಿಂದ.

ನಿಮ್ಮ ಟ್ರಂಕಿನ ತಳದಲ್ಲೂ ಯಾರಿಗೂ ಕಾಣದ ಹಾಗೆ ಮಡಚಿಟ್ಟದ್ದು ಏನಾದರೂ ಇದೆಯೇ? ಅದು ಯಾರಿಗಾಗಿ ಸುರಿದದ್ದು ಎಂದು ಒಮ್ಮೆ ಯೋಚಿಸಿದ್ದೀರಾ?

ಆ ಶೀಟ್ ಈಗ ಪ್ರಿಸಿಲ್ಲಾಳ ಹತ್ತಿರ ಇದೆ. ಲೇಯಮ್ಮ ನಮ್ಮನ್ನು ಬಿಟ್ಟು ಹೋದದ್ದು ಆ ಈಸ್ಟರ್‌ನ ಮುಂದಿನ ವರ್ಷ ಜುಲೈ ತಿಂಗಳ ಒಂದು ಮಂಗಳವಾರ.