ಎಡಗೈ ಮೊದಲೋ, ಬಲಗೈಯೋ

ಮೂರನೆಯ ವಿಡಿಯೋದಲ್ಲೂ ಅತ್ತೆಯ ಬೆನ್ನೇ ಇತ್ತು. ಮಕ್ಕಳ ಡಾಕ್ಟರು ಮೊಬೈಲನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. "ಅಜ್ಜೀ, ನಿಮ್ಮ ಬೆನ್ನಿಗೆ ನಾನೇನು ಔಷಧಿ ಬರೀಲಿ? ನಂಗೆ ಮಗು ಕಾಣ್ಬೇಕು."

"ಮೊಮ್ಮಗಳು ನೆಲದ ಮೇಲೆ ಬಿದ್ದು ಒದ್ದಾಡ್ತಿದ್ರೆ ತಬ್ಬಿಕೊಳ್ಳದೆ ಇರೋಕೆ ನಾನೇನು ಕಲ್ಲಾ?" ಎಂದರು ಅತ್ತೆ. "ಇವಳ ಹಾಗೆ ಮೊಬೈಲ್ ಹಿಡ್ಕೊಂಡು ನಿಲ್ಲೋಕೆ ನನ್ನಿಂದಾಗಲ್ಲಮ್ಮ."

ಸೊಸೆಗೆ ಮೈಯೆಲ್ಲ ಉರಿದುಹೋಯಿತು. ಹೆತ್ತವಳು ಇವಳು, ಕಲ್ಲೆದೆಯವಳೂ ಇವಳೇ! ಮಡಿಲಲ್ಲಿ ಆರು ವರ್ಷದ ಪುಟ್ಟಿ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಮೂರು ತಿಂಗಳ ಹಿಂದೆ ಮಿದುಳು ಜ್ವರ ಬಂದು, ಬದುಕಿದ್ದೇ ಹೆಚ್ಚು ಅನ್ನುವಂತೆ ಮನೆಗೆ ಮರಳಿದ ಮಗು. ಜ್ವರ ಹೋಯಿತು, ಫಿಟ್ಸ್ ಉಳಿದುಕೊಂಡಿತು. ಈಗ ಔಷಧಿಯ ಮಂಪರಿಗೆ ಊಟದ ತಟ್ಟೆಯ ಮುಂದೆಯೇ ತೂಕಡಿಸುತ್ತಾಳೆ, ಬಣ್ಣಗಳ ಹೆಸರು ಮರೆಯುತ್ತಾಳೆ.

"ಇಲ್ಲಿ ತಲೆಗೆ ವೈರ್ ಅಂಟಿಸಿ ಪರೀಕ್ಷೆ ಮಾಡಿದಾಗ ಏನೂ ಸಿಗ್ಲಿಲ್ಲ," ಎಂದರು ಡಾಕ್ಟರು. "ಎಡಗೈ ಮೊದಲು ಅದುರುತ್ತೋ, ಬಲಗೈಯೋ? ಕಣ್ಣು ಯಾವ ಕಡೆ ಹೋಗುತ್ತೆ? ಎಷ್ಟು ಹೊತ್ತು? ಇಷ್ಟು ಗೊತ್ತಾಗ್ಬೇಕು. ಗೊತ್ತಿಲ್ಲದೆ ಔಷಧಿ ಏರಿಸಿದ್ರೆ ಮಗು ಇನ್ನೂ ಮಂಕಾಗುತ್ತೆ. ಹೀಗೇ ಬಿಟ್ರೆ, ಒಂದು ದಿನ ಬಂದ ಫಿಟ್ಸ್ ನಿಲ್ಲದೇ ಹೋಗ್ಬಹುದು."

ಮನೆಗೆ ಬಂದ ಮೇಲೆ ಸೊಸೆ ಅತ್ತೆಯನ್ನು ಕೂರಿಸಿಕೊಂಡು ಮತ್ತೆ ಪಾಠ ಶುರು ಮಾಡಿದಳು. ಪುಟ್ಟಿಯನ್ನು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಏನೂ ಹಾಕಬೇಡಿ. ಅದುಮಿ ಹಿಡಿಯಬೇಡಿ. ಎರಡು ಹೆಜ್ಜೆ ಹಿಂದೆ ನಿಂತು ಈ ಕೆಂಪು ಗುಂಡಿ ಒತ್ತಿ. ಐದು ನಿಮಿಷ ದಾಟಿದರೆ ವಿಡಿಯೋ ಮನೆ ಹಾಳಾಗಲಿ, ಆಂಬುಲೆನ್ಸಿಗೆ ಫೋನ್ ಮಾಡಿ. ಏಳು ಸಲ ಹೇಳಿದಳು. ಬೋರ್ಗಲ್ಲ ಮೇಲೆ ಮಳೆ ಸುರಿದ ಹಾಗೆ! "ಆಯ್ತು ಬಿಡೇ, ನಾನೇನು ಎಳೆಮಗುವಾ?" ಎಂದು ಅತ್ತೆ ಸೊಪ್ಪು ಬಿಡಿಸುತ್ತಾ ಕೂತರು. ಸೊಸೆ ಶರ್ಟಿನ ಕಾಲರ್ ಹೊಲಿಯುವ ಕಾರ್ಖಾನೆಯಲ್ಲಿ ಮೊಬೈಲ್ ಒಳಗೆ ಬಿಡುವುದಿಲ್ಲ. ಅದನ್ನು ಅತ್ತೆಯ ಕೈಗೆ ಕೊಟ್ಟು ಹೋಗದೆ ಬೇರೆ ದಾರಿಯೂ ಇರಲಿಲ್ಲ.

ನಾಲ್ಕನೆಯ ದಿನ ಕಾರ್ಖಾನೆಯ ಗೇಟಿಗೆ ಅತ್ತೆಯ ಫೋನ್ ಬಂತು. "ಬಂದಿತ್ತು, ನಿಂತಿದೆ. ವಿಡಿಯೋ ತೆಗ್ದಿದೀನಿ. ಆಸ್ಪತ್ರೆಗೆ ಬಾ." ಸೊಸೆ ಅರ್ಧ ಹೊಲಿದ ಕಾಲರನ್ನು ಮಿಷನ್ನಿನಲ್ಲೇ ಬಿಟ್ಟು ಓಡಿದಳು. ಅಂತೂ ಇಂತೂ ಸಿಕ್ಕಿತಲ್ಲ!

ಡಾಕ್ಟರು ವಿಡಿಯೋ ಹಾಕಿದರು. ಪರದೆಯ ತುಂಬ ಅತ್ತೆಯ ಮುಖ.

"ಅಯ್ಯೋ ನನ್ನ ಕರ್ಮವೇ!" ಸೊಸೆ ಹಣೆ ಚಚ್ಚಿಕೊಂಡಳು. "ಕ್ಯಾಮೆರಾ ನಿಮ್ಮ ಕಡೆಗೇ ತಿರುಗಿದೆಯಲ್ಲ ಅತ್ತೆ! ನಿಮ್ಮ ಮುಖ ಕಾಣಿಸ್ತಿದ್ದದ್ದು ನಿಮಗೆ ಗೊತ್ತಾಗ್ಲಿಲ್ವಾ?"

"ಕೆಂಪು ಗುಂಡಿ ಒತ್ತು ಅಂದೆ, ಒತ್ತಿದೆ. ಆಮೇಲೆ ನಿನ್ನ ಹಾಳು ಮೊಬೈಲ್ ನೋಡ್ತಾ ಇರ್ಲಾ, ಮಗೂನ ನೋಡ್ಲಾ?"

"ಕೈಗೆ ಬಂದ ತುತ್ತು..."

"ಶ್! ಇಬ್ಬರೂ ಸ್ವಲ್ಪ ಬಾಯಿ ಮುಚ್ಚಿ," ಎಂದು ಡಾಕ್ಟರು ಧ್ವನಿ ಏರಿಸಿ, ಮೊಬೈಲನ್ನು ಕಿವಿಯ ಹತ್ತಿರ ಹಿಡಿದರು. ಒಳಗಿನಿಂದ ಅತ್ತೆ ಒಂದೇ ಸಮನೆ ಮಾತಾಡುತ್ತಿದ್ದರು. "ಎಡಗೈ ಯಾಕೇ ಹಾಗೆ ಸೆಟೆಸ್ತೀಯ, ಬಂಗಾರ... ಅದುರ್ತಿದೆಯಲ್ಲೇ... ಅಲ್ಲೇನಿದೆಯೇ ಎಡಗಡೆ, ಬರೀ ಗೋಡೆ, ಅಜ್ಜಿ ಇಲ್ಲಿದೀನಿ, ಈ ಕಡೆ ನೋಡೇ... ಬಾಯೂ ಎಡಕ್ಕೇ ಸೊಟ್ಟಗಾಯ್ತು... ಅಯ್ಯೋ, ಈಗ ಬಲಗೈಗೂ ಬಂತು..."

ಡಾಕ್ಟರ ಪೆನ್ನು ಓಡತೊಡಗಿತು. "ಎಡ ಅಂದ್ರೆ ಯಾರ ಎಡ ಅಜ್ಜಿ? ನಿಮ್ಮದಾ, ಮಗುವಿಂದಾ?"

"ಅವಳು ಬರೆಯೋ ಕೈ ಅಲ್ಲ, ಇನ್ನೊಂದು."

"ಕೊನೇ ನಲವತ್ತು ಸೆಕೆಂಡು ಯಾಕೆ ಮಾತೇ ಇಲ್ಲ?"

"ಮಾತು ಮುಗೀತು," ಎಂದು ಅತ್ತೆ ಮುಖ ತಿರುಗಿಸಿದರು.

ಡಾಕ್ಟರು ಮೊದಲ ಸಲ ನಕ್ಕರು. "ಎಡಗೈ ಮೊದಲು ಅಂದ್ರೆ ಮಿದುಳಿನ ಬಲಭಾಗದಿಂದ ಶುರುವಾಗ್ತಿದೆ. ಔಷಧಿ ಏರಿಸೋದು ಬೇಡ, ಬದಲಾಯಿಸೋಣ. ಹಳೇದನ್ನ ಮೆಲ್ಲಗೆ ಇಳಿಸ್ತೀನಿ, ನೀವಾಗೇ ನಿಲ್ಲಿಸ್ಬೇಡಿ. ಈ ಮಂಪರೂ ಕಮ್ಮಿ ಆಗ್ಬಹುದು."

ಔಷಧಿ ಅಂಗಡಿಯ ಮುಂದಿನ ಬೆಂಚಿನಲ್ಲಿ ಸರದಿಗೆ ಕಾಯುತ್ತಾ ಸೊಸೆ ಮೊಬೈಲ್ ತೆಗೆದಳು. ಪುಟ್ಟಿ ಮತ್ತೆ ಮಲಗಿದ್ದಳು. ಇನ್ನೂ ಸಿಟ್ಟು ಇಳಿದಿರಲಿಲ್ಲ, ಆದರೂ ಧ್ವನಿ ಬಂದ್ ಮಾಡಿ ವಿಡಿಯೋ ಹಾಕಿದಳು. ಅತ್ತೆಯ ತುಟಿ ಅಲ್ಲಾಡುತ್ತಿತ್ತು, ಕಣ್ಣು ಧಾರಾಕಾರವಾಗಿ ಸುರಿಯುತ್ತಿತ್ತು. ಪರದೆಯ ಅಂಚಿನಲ್ಲಿ ಅವರ ಇನ್ನೊಂದು ಕೈ ಮಗುವಿನ ಕಡೆ ಚಾಚುತ್ತಿತ್ತು, ಅರ್ಧಕ್ಕೇ ನಿಂತು ಹಿಂದಕ್ಕೆ ಹೋಗುತ್ತಿತ್ತು. ಮತ್ತೆ ಚಾಚುತ್ತಿತ್ತು, ಮತ್ತೆ ಹಿಂದಕ್ಕೆ. ಕೊನೆಗೆ ಆ ಕೈಯನ್ನು ಅತ್ತೆ ತಾವೇ ಹಲ್ಲಿನಲ್ಲಿ ಕಚ್ಚಿ ಹಿಡಿದರು. ಅಲ್ಲಿಂದ ಮುಂದಕ್ಕೆ ತುಟಿ ಅಲ್ಲಾಡಲಿಲ್ಲ.

"ನನ್ನ ಮೂತಿ ಏನು ನೋಡ್ತಾ ಕೂತಿದೀಯೇ? ನಮ್ಮ ಸರದಿ ಬಂತು, ಏಳು," ಎಂದು ಅತ್ತೆ ಮೊಬೈಲ್ ಕಿತ್ತುಕೊಳ್ಳಲು ಕೈ ನೀಡಿದರು. ಆ ಕೈಯ ಮೇಲೆ ಹಲ್ಲಿನ ಗುರುತು ಇನ್ನೂ ಕೆಂಪಗಿತ್ತು.