ಸೀಳು ಮುಚ್ಚಿದ ಮಧ್ಯಾಹ್ನ

ಬಂಡೆಯ ಸೀಳಿನೊಳಗೆ ಬಿದ್ದ ಕಬ್ಬಿಣದ ಬೆಣೆಯನ್ನು ಎತ್ತಿಕೊಳ್ಳಲು ಅಂಜಿನಿ ಬಲಗೈ ಇಳಿಸಿದ. ಬೆರಳ ತುದಿಗೆ ಬೆಣೆ ತಾಗಿತು. ಅಷ್ಟರಲ್ಲಿ ಕಾಲಡಿಯಲ್ಲೆಲ್ಲೋ ಬಿಗಿದ ತಂತಿ ಹರಿದಂತೆ ‘ಠಣ್’ ಎಂದಿತು. ಮರುಕ್ಷಣ ಬಂಡೆ ಅವನ ಕೈಯನ್ನು ಹಿಡಿದುಕೊಂಡಿತ್ತು.

“ಭಾಯ್! ಕಂಪ್ರೆಸರ್ ಬಂದ್ ಮಾಡು! ಕೈ ಸಿಕ್ಕಂತು!”

ಕೂಡ್ಲಿಗಿ ಸೀಮೆಯ ಆ ಕಲ್ಲು ಕ್ವಾರಿಯಲ್ಲಿ ಹನ್ನೊಂದು ವರ್ಷದಿಂದ ಅವನದು ಕಲ್ಲು ಕೊರೆಯುವ ಕೆಲಸ. ಸಾಲಾಗಿ ತೂತು ಹೊಡೆದು, ಒಂದಕ್ಕೊಂದು ಕೂಡಿಸಿ, ನಾಲ್ಕು ದಿನದಲ್ಲಿ ಆ ಉದ್ದನೆಯ ಸೀಳನ್ನು ಮಾಡಿದವನೂ ಅವನೇ. ಒಂದೂವರೆ ಇಂಚು ಅಗಲ. ಅಂಗೈ ಚಪ್ಪಟೆ ಮಾಡಿದರೆ ಸಲೀಸಾಗಿ ಹೋಗುತ್ತಿತ್ತು. ಈಗ ಮಣಿಕಟ್ಟಿನಿಂದಾಚೆ ಅವನ ಕೈ ಕಣ್ಣಿಗೇ ಕಾಣುತ್ತಿರಲಿಲ್ಲ.

ಕಂಪ್ರೆಸರ್ ನೋಡಿಕೊಳ್ಳುವ ಅತಾವುಲ್ಲಾ ಓಡಿ ಬಂದ. ಹಾರೆ ಹಾಕಿ ನಾಲ್ಕು ಜನ ಜೋತುಬಿದ್ದರು. ಬೆಣೆ ಇಟ್ಟು ಸುತ್ತಿಗೆಯಿಂದ ಬಡಿದರು. ಬೆಣೆ ಸಿಡಿದು ಆಚೆ ಬಿತ್ತು. ಸೀಳು ಕೂದಲೆಳೆಯಷ್ಟೂ ಅಗಲವಾಗಲಿಲ್ಲ. ಅತಾವುಲ್ಲಾ ಸುತ್ತ ಒಂದು ಸಲ ನೋಡಿದ. ಮೇಲಿನಿಂದ ಏನೂ ಬಿದ್ದಿರಲಿಲ್ಲ, ಯಾವ ತುಂಡೂ ಜಾರಿರಲಿಲ್ಲ.

“ಎಲ್ಲಾ ಇದ್ದಂಗ ಐತಲ್ಲೋ ಮಾರಾಯ. ಮತ್ತ ಇದನ್ನ ಮುಚ್ಚಿದ್ದು ಯಾರು?”

ಯಂತ್ರ ನಿಂತ ಮೌನದಲ್ಲಿ ಬಂಡೆಯೊಳಗಿನಿಂದ ಸದ್ದು ಕೇಳತೊಡಗಿತು. ಟಿಕ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಟಿಕ್. ಸೀಳಿನ ಅಂಚಿನಿಂದ ರೊಟ್ಟಿಯಷ್ಟು ತೆಳುವಾದ ಚಕ್ಕೆಯೊಂದು ಯಾರೂ ಮುಟ್ಟದೆ ತಾನಾಗಿ ಹಾರಿ, ಅಂಜಿನಿಯ ಮೊಣಕಾಲ ಹತ್ತಿರ ಬಿತ್ತು.

ಕಲ್ಲಿನ ಗುಣ ಪರೀಕ್ಷಿಸಲು ಆ ವಾರ ಬಂದಿದ್ದ ಭೂವಿಜ್ಞಾನಿ ಸುಮಲತಾ ಮಂಡಿಯೂರಿ ಸ್ಕೇಲು ಹಿಡಿದಳು. “ಒಂದಿಂಚು ಸುದ್ದಾ ಉಳಿದಿಲ್ಲ.”

“ಯಾವ ಕಡಿಯಿಂದ ದೂಡ್ತೈತ್ರಿ ಮೇಡಂ?” ಅಂಜಿನಿ ಹಲ್ಲು ಕಚ್ಚಿ ಕೇಳಿದ.

ಅವಳು ದಕ್ಷಿಣಕ್ಕೆ ಕೈ ಮಾಡಿದಳು. ಎಲ್ಲರೂ ಆ ಕಡೆ ತಿರುಗಿ ನೋಡಿದರು. ಅಲ್ಲಿ ಜಾಲಿಗಿಡಗಳಿದ್ದವು, ಉತ್ತ ಹೊಲಗಳಿದ್ದವು, ಬಿಸಿಲಿತ್ತು.

“ನಾವು ನಿಂತ ನೆಲ ಇಡೀದು ಉತ್ತರಕ್ಕ ನಡದೈತಣ್ಣ. ಕೂಡ್ಲಿಗಿ, ಕೊಟ್ಟೂರು, ಹೊಳಿ, ಗುಡ್ಡ ಎಲ್ಲಾನೂ ಹೊತ್ಕೊಂಡು, ವರ್ಷಕ್ಕ ಎರಡಿಂಚು. ಅಲ್ಲಿ ಮ್ಯಾಲೆ ಇನ್ನೊಂದು ನೆಲ ಅಡ್ಡ ನಿಂತೈತಿ. ಅದಕ್ಕ ಗುದ್ದಿ ಗುದ್ದಿನೇ ಹಿಮಾಲಯ ಎದ್ದದ್ದು. ಆ ಒತ್ತು ಈ ಕಲ್ಲಿನ್ಯಾಗೂ ತುಂಬೇತಿ. ನೀವು ಸೀಳು ಮಾಡಿದ್ರಿ, ಅದಕ್ಕ ಸರಿಯಾಕ ಜಾಗ ಸಿಕ್ತು.”

“ಆಂಬುಲೆನ್ಸಿಗೆ ಫೋನ್ ಹಚ್ಚೀವ್ರಿ,” ಎಂದ ಅತಾವುಲ್ಲಾ. ಆಮೇಲೆ ದನಿ ತಗ್ಗಿಸಿದ. “ಆದ್ರ ಅವರು ಬಂದು ಕೈ ಕೊಯ್ಯೋದು ಬಿಟ್ಟು ಇನ್ನೇನು ಮಾಡ್ತಾರ?”

ಸುಮಲತಾ ಸೀಳಿನಿಂದ ಒಂದು ಮೊಳ ದಕ್ಷಿಣಕ್ಕೆ ಸೀಮೆಸುಣ್ಣದಲ್ಲಿ ಎರಡು ಮೊಳ ಉದ್ದದ ಗೆರೆ ಎಳೆದಳು. “ಇಲ್ಲಿ ಇನ್ನೊಂದು ಗಿಡ್ಡ ಸೀಳು ಬಿಟ್ರ ಒತ್ತು ಅಲ್ಲೇ ನಿಲ್ಲಬಹುದು. ನಡುವಿನ ಕಲ್ಲು ಸಡಿಲ ಆಗಬಹುದು.”

“ಆಗದಿದ್ರ?”

“ಇನ್ನಾ ಬಿಗಿಬಹುದು. ನಾನು ಪುಸ್ತಕದಾಗ ಓದೀನಿ ಅಣ್ಣ, ಕಣ್ಣಾರೆ ಕಂಡಿಲ್ಲ. ಸುಳ್ಳು ಹೇಳಂಗಿಲ್ಲ.”

ಅಂಜಿನಿ ಕಣ್ಣು ಮುಚ್ಚಿದ. ಮನೆಯಲ್ಲಿ ಹೆಂಡತಿ ಹುಲುಗಮ್ಮ ಈ ಹೊತ್ತಿಗೆ ಬಟ್ಟೆ ಒಗೆಯುತ್ತಿರುತ್ತಾಳೆ, ಅವಳಿಗೆ ಇನ್ನೂ ಏನೂ ಗೊತ್ತಿಲ್ಲ ಎಂದುಕೊಂಡ. ಕಣ್ಣು ಬಿಟ್ಟು ಹೇಳಿದ: “ಕೊರಿ ಭಾಯ್. ನೀನೇ ಕೊರಿ.”

ಅತಾವುಲ್ಲಾ ಮತ್ತು ಇನ್ನೊಬ್ಬ ಎರಡು ತುದಿಯಿಂದ ಶುರು ಮಾಡಿದರು. ಒಂದೊಂದು ತೂತಿಗೂ ಕಂಪನ ಅಂಜಿನಿಯ ಮೂಳೆಯವರೆಗೆ ಬರುತ್ತಿತ್ತು. ಸುಮಲತಾ ಅವನ ಹೆಗಲು ಹಿಡಿದು ನೀರು ಕುಡಿಸುತ್ತ ಕೂತಳು. ಬೆರಳುಗಳು ಜೋಮು ಹಿಡಿದು ಅವನವಲ್ಲದ ಹಾಗಾದವು. ಆದರೆ ಅಂಗೈಗೆ ಎಲ್ಲ ತಿಳಿಯುತ್ತಿತ್ತು. ಕಲ್ಲು ಒತ್ತುತ್ತಿತ್ತು. ಅದರಲ್ಲಿ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ. ತಾನು ಒಂದು ಕೈಯನ್ನು ಹಿಡಿದಿದ್ದೇನೆ ಎಂಬುದೇ ಅದಕ್ಕೆ ಗೊತ್ತಿಲ್ಲ ಎಂದು ಅಂಜಿನಿಗೆ ಅನಿಸಿತು. ನೋವಿಗಿಂತ ಹೆಚ್ಚಾಗಿ ಅವನು ಹೆದರಿದ್ದು ಅದಕ್ಕೆ.

ಹೊತ್ತು ಇಳಿಯುವಾಗ ಅತಾವುಲ್ಲಾ ಕೊನೆಯ ತೂತಿಗೆ ಬಂದ. ಕೊರೆಯುವ ರಾಡು ಅರ್ಧ ಇಳಿದಿರಬೇಕು, ಬಂಡೆ ನೆಲದಾಳದಿಂದ ನರಳಿತು. ಹಿಡಿತ ಒಮ್ಮೆ ಬಿಗಿಯಿತು. ಅಂಜಿನಿ ಕಿರುಚಿದ್ದು ರಸ್ತೆಯವರೆಗೆ ಕೇಳಿತಂತೆ. ಆಮೇಲೆ, ನಿದ್ದೆಯಲ್ಲಿರುವವರ ಮುಷ್ಟಿ ಬಿಚ್ಚಿದ ಹಾಗೆ, ಅದು ಸಡಿಲವಾಯಿತು. ಸೀಳಿಗೆ ಎಣ್ಣೆ ಸುರಿದು ಕೈ ಎಳೆದರು. ನೀಲಿಗಟ್ಟಿದ ಕೈಯನ್ನು ಸುಮಲತಾ ತನ್ನ ವೇಲಿನಲ್ಲಿ ಸುತ್ತಿ, ಅವನನ್ನು ಕಾದು ನಿಂತಿದ್ದ ಆಂಬುಲೆನ್ಸಿಗೆ ಹತ್ತಿಸಿದಳು. ಅತಾವುಲ್ಲಾ ಯಂತ್ರ ಬಿಟ್ಟು, ಅಲ್ಲೇ ಕೂತು ಅತ್ತುಬಿಟ್ಟ.

ಅವನು ಬಿಟ್ಟ ರಾಡನ್ನು ಮರುದಿನ ಆರು ಜನ ಸೇರಿ ಎಳೆದರೂ ಬರಲಿಲ್ಲ. ಹೊಸ ಸೀಳು ಅದನ್ನು ಕಚ್ಚಿಕೊಂಡಿತ್ತು.

ಎರಡು ತಿಂಗಳಾದ ಮೇಲೆ ಅಂಜಿನಿ ಕ್ವಾರಿಗೆ ಮರಳಿದ. ಎರಡು ಬೆರಳು ಮಡಚುವುದಿಲ್ಲ. ಈಗ ಕೊರೆಯುವುದು ಬಿಟ್ಟು ಕಂಪ್ರೆಸರ್ ಕಡೆ ನಿಲ್ಲುತ್ತಾನೆ. ಹುಲುಗಮ್ಮ ಬೇಡವೆಂದಳು, ಬೇರೆ ಕೆಲಸ ಎಲ್ಲೈತಿ ಎಂದ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಆ ಬಯಲಲ್ಲಿ ನೆರಳಿರುವುದು ಬಂಡೆಗೋಡೆಯ ಬುಡದಲ್ಲಿ ಮಾತ್ರ. ಎಲ್ಲರೂ ಅಲ್ಲೇ ಸಾಲಾಗಿ ಕೂರುತ್ತಾರೆ, ಮಾತಾಡುತ್ತಾರೆ, ನಗುತ್ತಾರೆ ಕೂಡ. ಆದರೆ ಒಬ್ಬರ ಬೆನ್ನೂ ಕಲ್ಲಿಗೆ ತಾಗುವುದಿಲ್ಲ.