ಗರಗಸ ಮುಟ್ಟಿ

ಮೊದಲ ಏಟಿಗೇ ಮೈದುನನ ತುಟಿ ಒಡೆಯಿತು. ಎರಡನೆಯದನ್ನು ಅವಳು ರೀಪರಿನ ಮರದ ಪಟ್ಟಿಯ ತುಂಡಿನಲ್ಲಿ ಹೊಡೆದಳು. ಅವನು ಕೈ ಅಡ್ಡ ಹಿಡಿಯಲಿಲ್ಲ. ದಿಮ್ಮಿಗಳಿಗೆ ಒರಗಿ, ಬಾಯೊಳಗಿನ ರಕ್ತವನ್ನು ಮರದ ಹೊಟ್ಟಿನ ಮೇಲೆ ಉಗುಳಿ, ಇನ್ನೂ ಹೊಡೆಯಿರಿ ಎನ್ನುವಂತೆ ನಿಂತ. ಕುಂಬಳಕಾಯಿ ಕಳ್ಳನಾದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಇವನು ಬೆನ್ನನ್ನೇ ಒಡ್ಡುತ್ತಿದ್ದಾನಲ್ಲ ಎಂದು ಅವಳಿಗೆ ಇನ್ನಷ್ಟು ಉರಿಯಿತು. ಮೂರನೆಯ ಏಟಿಗೆ ರೀಪರು ಮುರಿಯಿತು.

“ಸಾಕು ಬಿಡಮ್ಮ. ಕೈ ನೋಯಿಸ್ಕೋಬೇಡ,” ಎಂದ ಅವಳ ಅಣ್ಣ, ಸ್ವಿಚ್ ಬೋರ್ಡಿನ ಪಕ್ಕದಿಂದ.

ಕೂಲಿಯವರಿಗೆ ವಾರದ ರಜೆ. ಸಾಮಿಲ್ಲಿನ ಗೇಟನ್ನು ಅಣ್ಣನೇ ಒಳಗಿನಿಂದ ಹಾಕಿ ಬಂದಿದ್ದ. ಅವನನ್ನು ಎಲ್ಲರೂ ಟೆಸ್ಟರ್ ಎನ್ನುತ್ತಿದ್ದರು. ಕಿವಿಯ ಮೇಲೆ ಟೆಸ್ಟರ್ ಸಿಕ್ಕಿಸಿಕೊಳ್ಳದೆ ಊಟಕ್ಕೂ ಕೂರದ ಆಸಾಮಿ. ಸಾಮಿಲ್ಲಿನ ವೈರಿಂಗ್ ಪೂರ್ತಿ ಅವನದೇ. ತಾಮ್ರದ ತಂತಿ ಕದ್ದನೆಂದು ಅವಳ ಗಂಡ ಒಮ್ಮೆ ಕೂಲಿಯವರ ಮುಂದೆಯೇ ಅವನ ಕೆನ್ನೆಗೆ ಬಾರಿಸಿ ಹೊರಗಟ್ಟಿದ್ದ. ಆದರೂ ಗಂಡ ಗರಗಸಕ್ಕೆ ಸಿಕ್ಕ ದಿನ ಎಲ್ಲರಿಗಿಂತ ಮೊದಲು ಓಡಿ ಬಂದವನು ಅವನೇ. ಉಳಿದವರು ಗೋಡೆಗೆ ತಿರುಗಿ ವಾಂತಿ ಮಾಡುತ್ತಿದ್ದಾಗ ಗುಂಡಿಗೆ ಇಳಿದು ಭಾವನನ್ನು ತುಂಡು ತುಂಡಾಗಿ ಎತ್ತಿ ಕೊಟ್ಟಿದ್ದ. ಒಡಹುಟ್ಟಿದವನೆಂದರೆ ಹೀಗಿರಬೇಕು ಎಂದು ಅವಳು ಅಳುತ್ತಲೇ ಅಂದುಕೊಂಡಿದ್ದಳು. ಗಂಡನಿಗೂ ಒಬ್ಬ ಒಡಹುಟ್ಟಿದವನಿದ್ದ, ಮನೆ ಮುರಿಯಲಿಕ್ಕೆ.

ಗರಗಸದ ಕೆಳಗಿನ ಗುಂಡಿಯಲ್ಲಿ ಹೊಟ್ಟು ತುಂಬಿದರೆ ಯಾರಾದರೂ ಇಳಿದು ಬಾಚಬೇಕು. ಇಳಿಯುವವನು ಬೋರ್ಡಿನಿಂದ ಪಿಂಗಾಣಿ ಫ್ಯೂಸ್ ಕಿತ್ತು ತನ್ನ ಜೇಬಿಗೇ ಹಾಕಿಕೊಳ್ಳಬೇಕು. ಅದಿಲ್ಲದೆ ಮೋಟಾರು ತಿರುಗದು. ಬೇಕಾದರೆ ಹೆಂಡತಿಯನ್ನು ಇನ್ನೊಬ್ಬರ ಮನೆಯಲ್ಲಿ ಬಿಟ್ಟು ಬನ್ನಿ, ಫ್ಯೂಸನ್ನು ಮಾತ್ರ ಯಾರ ಕೈಗೂ ಕೊಡಬೇಡಿ ಎಂದು ಗಂಡ ಹೊಸ ಕೂಲಿಯವರಿಗೆ ಹೇಳಿ ನಗಿಸುತ್ತಿದ್ದ. ಹಾಗೆ ಹೇಳುತ್ತಿದ್ದವನೇ ಗುಂಡಿಯಲ್ಲಿದ್ದಾಗ ಗರಗಸ ತಿರುಗಿತು. ಹೆಗಲಿನಿಂದ ಸೊಂಟದವರೆಗೆ ಸೀಳಿತು.

ಟೆಸ್ಟರ್ ತಂದುಕೊಟ್ಟ ಗಂಡನ ಅಂಗಿಯ ಜೇಬು ಖಾಲಿಯಿತ್ತು. ಫ್ಯೂಸ್ ಬೋರ್ಡಿನಲ್ಲಿತ್ತು. ಅದೇನು ತಾನೇ ನಡೆದು ಹೋಗಿ ಕೂತುಕೊಂಡಿತೇ ಎಂದು ಟೆಸ್ಟರ್ ಕೇಳಿದ್ದ. ಕೂಲಿಯವರು ಊಟಕ್ಕೆ ಹೋಗಿದ್ದ ಹೊತ್ತು; ಒಳಗಿದ್ದವನು ಮೈದುನ ಒಬ್ಬನೇ. ಹಿಂದುಗಡೆ ದಿಮ್ಮಿ ಅಳೆಯುತ್ತಿದ್ದೆ ಎಂದು ಅವನ ಮಾತು. ಸ್ವಂತ ತಮ್ಮನ ಕೈಗಲ್ಲದೆ ಗಂಡ ಅದನ್ನು ಇನ್ಯಾರಿಗೆ ಕೊಟ್ಟಾನು? ಪೊಲೀಸರು ಆಕಸ್ಮಿಕ ಎಂದು ಕೈತೊಳೆದುಕೊಂಡರು.

ಉಪಾಯ ಟೆಸ್ಟರನದೇ. ಏನೇ ಜಗಳವಿದ್ದರೂ ಈ ಸಾಮಿಲ್ಲಿನಲ್ಲಿ ಗರಗಸ ಮುಟ್ಟಿ ಆಣೆ ಮಾಡಿದರೆ ಮುಗಿಯಿತು. ಮೈದುನನನ್ನು ಆಣೆಗೆ ಗುಂಡಿಗೇ ಇಳಿಸುವುದು. ಅವಳು ಫ್ಯೂಸ್ ಹಾಕುವುದು. ಟೆಸ್ಟರ್ ಮೋಟಾರಿನ ಸ್ವಿಚ್ ಹ್ಯಾಂಡಲ್ ಎತ್ತುವುದು. ಪಾಪವೂ ಪಾಲಾಗುತ್ತದೆ, ಒಬ್ಬರ ತಲೆಗೇ ಸುತ್ತಿಕೊಳ್ಳುವುದಿಲ್ಲ ಎಂದಿದ್ದ. ಆಮೇಲೆ ಸಾಮಿಲ್ಲಿಗೆ ಅವಳೊಬ್ಬಳೇ ಯಜಮಾನಿ, ನಡೆಸಿಕೊಡಲು ತಾನಿಲ್ಲವೇ ಎಂದು ಧೈರ್ಯವನ್ನೂ ಹೇಳಿದ್ದ.

“ನಿಮ್ಮಣ್ಣ ಸತ್ತ ಜಾಗದಲ್ಲೇ ನಿಂತು, ಗರಗಸ ಮುಟ್ಟಿ ಹೇಳು,” ಎಂದಳು.

ಮೈದುನ ಬೋರ್ಡಿನತ್ತ ನಡೆದ. ಟೆಸ್ಟರ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳುವುದರಲ್ಲಿದ್ದವನ ಮುಂದೆ ಅವಳು ಅಂಗೈ ಚಾಚಿದಳು. ಅವನು ಆ ಅಂಗೈಯನ್ನೇ ನೋಡಿದ.

“ತಗೊಳ್ಳಿ ಅತ್ತಿಗೆ. ನೀವು ನನ್ನ ನಂಬ್ದೇ ಇದ್ರೂ ನಾನು ನಿಮ್ಮನ್ನ ನಂಬ್ತೀನಿ.”

ಇಳಿದ. ಬಗ್ಗಿ ಎರಡೂ ಕೈಗಳನ್ನು ಗರಗಸದ ಹಲ್ಲುಗಳ ಮೇಲಿಟ್ಟ. ಮೇಲಿನಿಂದ ಅವನ ಕತ್ತು ಮಾತ್ರ ಕಾಣುತ್ತಿತ್ತು, ಥೇಟ್ ಗಂಡನ ಕತ್ತು.

“ನಾನು ಅಣ್ಣನ್ನ ಕೊಂದಿಲ್ಲ. ಆವತ್ತು ಅವನು ಫ್ಯೂಸ್ ಜೇಬಿಗೆ ಹಾಕ್ಕೊಂಡಿದ್ದನ್ನ ಕಣ್ಣಾರೆ ನೋಡಿದೆ. ಇನ್ನೇನು ಭಯ ಅಂತ ನಾನು ಹಿಂದುಗಡೆ ಹೋದೆ. ಇಲ್ಲೇ ನಿಂತಿದ್ರೆ ಅವನು ಉಳೀತಿದ್ನೇನೋ. ಅಷ್ಟು ತಪ್ಪು ನಂದು. ಅದಕ್ಕೇ ನೀವು ಹೊಡೆದ್ರೂ ಸುಮ್ನಿದ್ದೆ.”

ಅವಳು ಬೋರ್ಡಿನ ಮುಂದೆ ನಿಂತೇ ಇದ್ದಳು. ಸುಳ್ಳು ಹೇಳುವವನಾಗಿದ್ದರೆ ಫ್ಯೂಸನ್ನು ನಾನು ನೋಡಲೇ ಇಲ್ಲ ಎಂದುಬಿಡಬಹುದಿತ್ತು. ಹೇಳುವವರು ಹೇಳಿದರೆ ಕೇಳುವವಳಿಗೆ ಬುದ್ಧಿ ಬೇಡವೇ? ಮದುವೆಯಾಗಿ ಬಂದಾಗಿನಿಂದ ಇವನಿಗೆ ಬಡಿಸಿದವಳು ತಾನು. ಇವನ ತುಟಿಯನ್ನು ಒಡೆದವಳೂ ತಾನೇ. ನಾಚಿಕೆಯಿಂದ ಅವಳ ಕಣ್ಣು ತುಂಬಿತು. ಗಂಡನಂತೂ ಹೋದ, ಇವನಾದರೂ ಬದುಕಿರಲಿ.

ಟೆಸ್ಟರನತ್ತ ತಿರುಗಿ, ಬೇಡ ಎಂದು ತಲೆಯಾಡಿಸಿದಳು. ಫ್ಯೂಸನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು. ಮೇಲೆ ಬಾ ಮಗಾ ಎಂದು ಗುಂಡಿಯ ಕಡೆ ಹೆಜ್ಜೆ ಹಾಕಿದಳು.

ಟೆಸ್ಟರ್ ಹ್ಯಾಂಡಲ್ ಎತ್ತಿದ.

ಗರಗಸ ತಿರುಗಿತು. ಮೈದುನನ ಬೆರಳುಗಳು ಮೊದಲು ಹೋದವು. ಅವನು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ತೋಳು, ತೋಳಿನ ಹಿಂದೆಯೇ ಎದೆ. ಅತ್ತಿಗೆ ಎಂದು ಕೂಗಿದ್ದು ಅರ್ಧಕ್ಕೇ ನಿಂತಿತು. ಅವಳ ಮುಖಕ್ಕೆ, ಸೆರಗಿಗೆ ಬಿಸಿ ರಕ್ತ ಎರಚಿತು. ಗುಂಡಿಯ ಹೊಟ್ಟು ಕೆಂಪಗಾಯಿತು.

ಟೆಸ್ಟರ್ ಹ್ಯಾಂಡಲ್ ಇಳಿಸಿದ. ಅವಳು ಮುಷ್ಟಿ ಬಿಚ್ಚಿದಳು. ಫ್ಯೂಸ್ ಅಂಗೈಯಲ್ಲೇ ಇತ್ತು. ನಾನು ಹಾಕಲೇ ಇಲ್ಲವಲ್ಲ, ಮತ್ತೆ ಹೇಗೆ ತಿರುಗಿತು ಎಂದು ಅವಳು ಯಾರನ್ನೋ ಎಂಬಂತೆ ಕೇಳಿದಳು.

ಟೆಸ್ಟರ್ ಅದನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡು, ಬೋರ್ಡಿನಲ್ಲಿ ಅದರ ಜಾಗಕ್ಕೆ ಸಿಕ್ಕಿಸಿದ. “ಬೋರ್ಡಿನ ಹಿಂದೆ ಇನ್ನೊಂದು ತಂತಿ ಎಳೆದಿದ್ದೀನಿ. ಆವತ್ತೂ ಫ್ಯೂಸ್ ಭಾವನ ಜೇಬಲ್ಲೇ ಇತ್ತು ಕಣಮ್ಮ.”